ಫಿಯೆಟ್ಟಿನ ಎಡಗಡೆ ಟ್ವೀಟರ್

ಬನಹಟ್ಟಿಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಅವರ ಅನುಕೂಲಕ್ಕೆಂದು ಇಲ್ಲಿ ನಮೂದಿಸತಕ್ಕದ್ದು ಏನೆಂದರೆ: ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಹತ್ತೂಕಾಲು ಗಂಟೆಗೆ ಜಾಬರ್ ಭೀಮಶಿಯ ಫಿಯೆಟ್ ಕಾರಿನ ಎಡಗಡೆಯ ಟ್ವೀಟರ್ ಬಾಯಿ ಬಿಡಲಿಲ್ಲ.

ಟ್ವೀಟರ್ ಎಂದರೆ ಹಳೆಯ ಕಾಲದ ದೊಡ್ಡ ರೂಪಾಯಿಯಷ್ಟು ಅಗಲದ ಪುಟ್ಟ ಸ್ಪೀಕರು. ಡೊಳ್ಳು, ಗಂಡಸರ ಗಂಟಲು ಮುಂತಾದ ದಪ್ಪ ಸಪ್ಪಳವೆಲ್ಲ ಬಾಗಿಲಿನಲ್ಲಿ ಕೂತ ದೊಡ್ಡ ಸ್ಪೀಕರಿನ ಪಾಲು. ತಾಳ, ಗೆಜ್ಜೆ, ಬಳೆ ಇಂಥ ತೆಳು ಸಪ್ಪಳ ಈ ಪುಟ್ಟದ್ದರ ಪಾಲು. ಅದೊಂದು ಸತ್ತರೆ ಹಾಡೇನೂ ನಿಲ್ಲುವುದಿಲ್ಲ. ಬೇರೆ ಯಾರದೇ ಕಾರಿನಲ್ಲಾಗಿದ್ದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಭೀಮಶಿಯ ಕಾರಿನಲ್ಲಾದದ್ದರಿಂದ ಓಣಿಯ ಏಳು ಮಂದಿ ಚಹಾ ಕೈಯಲ್ಲಿ ಹಿಡಿದೇ ಬಂದು ನಿಂತರು.

ಯಾಕೆಂದರೆ ಭೀಮಶಿ ಎಂದರೆ ಕಿವಿ. ಮಗ್ಗ ಕೆಟ್ಟರೆ ರಿಪೇರಿ ಮಾಡುವವನಿಗೆ ಈ ಕಡೆ ಜಾಬರ್ ಎನ್ನುತ್ತಾರೆ. ಉಳಿದ ಜಾಬರುಗಳು ಪಾನಾ, ಅಂದರೆ ಸ್ಪ್ಯಾನರು, ಹಿಡಿದು ಮಗ್ಗದಿಂದ ಮಗ್ಗಕ್ಕೆ ಅಲೆದು, ಮುಟ್ಟಿ, ಬೈದು, ಕಡೆಗೊಮ್ಮೆ ರೋಗ ಹುಡುಕುವವರು. ಭೀಮಶಿ ಹಾಗಲ್ಲ. ಮಾಲೀಕ ಬಾಳಾಸಾಹೇಬರ ವಿದ್ಯುತ್ ಮಗ್ಗದ ಶೆಡ್ಡಿನ ಬಾಗಿಲಲ್ಲಿ ನಿಂತು, ಇಪ್ಪತ್ನಾಲ್ಕು ಮಗ್ಗ ಒಟ್ಟಿಗೆ ಖಟಖಟಿಸುವಾಗ ತಲೆಯನ್ನು ಒಂದಿಷ್ಟು ವಾರೆ ಮಾಡಿ, ಒಂದು ಸುತ್ತು ಕಣ್ಣಾಡಿಸಿ, "ಹನ್ನೊಂದನೇದು, ಲಾಳಿ ಹೊಡಿಯೋ ಪಟ್ಟಿ ಸಡ್ಲ ಆಗೇತಿ" ಎಂದುಬಿಡುವನು. ಹೋಗಿ ನೋಡಿದರೆ ಹನ್ನೊಂದನೆಯದೇ, ಪಟ್ಟಿಯೇ. ಸೂರತ್ತಿನಿಂದ ವ್ಯಾಪಾರಿಗಳು ಬಂದಾಗ ಬಾಳಾಸಾಹೇಬರು ಬಟ್ಟೆ ತೋರಿಸುವ ಮೊದಲು ಈ ಕಿವಿಯನ್ನು ತೋರಿಸುತ್ತಿದ್ದರು. ಭೀಮಶಿಗೆ ಹೊಲವಿಲ್ಲ, ಓದಿಲ್ಲ. ಇಪ್ಪತ್ತೊಂಬತ್ತು ವರ್ಷ ಅವನು ಉಂಡದ್ದು ಕಿವಿಯಿಂದ.

ಫಿಯೆಟ್ಟನ್ನು ಅವನು ಲೋಕಾಪುರದ ಒಂದು ಬೇವಿನ ಮರದ ಬುಡದಿಂದ ಎಬ್ಬಿಸಿ ತಂದಿದ್ದ. ಬರುವಾಗ ಅದಕ್ಕೆ ನಾಲ್ಕು ಗಾಲಿ ಇದ್ದವು ಎಂಬುದೊಂದೇ ಅದು ಕಾರು ಎನ್ನಲು ಇದ್ದ ಪುರಾವೆ. ಒಳಗಿನ ವೈರನ್ನೆಲ್ಲ ಇಲಿಗಳು ತಿಂದು ಮುಗಿಸಿದ್ದವು. ಭೀಮಶಿ ಎರಡು ವರ್ಷ, ಮಗ್ಗಕ್ಕೆ ರಜೆ ಇದ್ದ ದಿನಗಳಲ್ಲೆಲ್ಲ ಮನೆಯ ಮುಂದಿನ ಕಟ್ಟೆಯ ಮೇಲೆ ಹೊಸ ವೈರುಗಳನ್ನು ಹಾಸು ಹಾಯಿಸಿದಂತೆ ಉದ್ದಕ್ಕೆ ಹಾಸಿದ. ಒಂದಕ್ಕೊಂದು ಸಿಕ್ಕಾಗಬಾರದೆಂದು ಮಗ್ಗದ ಹಳೆಯ ಹಣಿಗೆಯ ತುಂಡೊಂದರ ಹಲ್ಲುಗಳಲ್ಲಿ ಎಳೆ ಎಳೆಯಾಗಿ ಪೋಣಿಸಿದ. ಮೆಕ್ಯಾನಿಕ್ಕುಗಳು ಸುತ್ತುವ ಕರಿ ಟೇಪು ಅವನಿಗೆ ಸೇರದು. ಮೇಣ ತಿಕ್ಕಿದ ಹತ್ತಿ ನೂಲಿನಿಂದ ಬೆರಳಗಲಕ್ಕೊಂದು ನೇಕಾರಗಂಟು ಹಾಕಿ ಬಿಗಿದ. ಗುರುತಿಗೆ ರಬಕವಿಯಲ್ಲಿ ನೂಲಿಗೆ ಬಣ್ಣ ಹಾಕುವ ಮನೆಯಿಂದ ತಂದ ನೂಲು: ಬ್ಯಾಟರಿಗೆ ಕೆಂಪು, ಹಾರ್ನಿಗೆ ಹಸಿರು, ದೀಪಕ್ಕೆ ಅರಿಷಿಣ, ಹಾಡಿಗೆ ಬಿಳಿ. ಬ್ಯಾಟರಿಯ ದಪ್ಪ ವೈರು ಬಲ ಅಂಚಿಗೆ, ಹಾಡಿನ ಸಣ್ಣ ವೈರು ಎಡ ಅಂಚಿಗೆ. ಎರಡೂ ಜೋಡಿಯಾಗಿ ಹೋದರೆ ಇಂಜಿನ್ನಿನ ಸುಂಯ್ ಎಂಬ ರಾಗ ಹಾಡಿನೊಳಗೆ ಬಂದು ಕೂರುತ್ತದೆ.

"ನನ್ನ ಸೀರಿ ಸೆರಗಿಗೆ ಒಂದ್ ಗಂಟ ಹಾಕಿದಾವ್ರಲ್ಲ," ಎಂದಳು ಹೆಂಡತಿ ಸತ್ಯವ್ವ, ಅದೇ ಶೆಡ್ಡಿನಲ್ಲಿ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತಿ ಬುಟ್ಟಿಯಲ್ಲಿ ಮಗ್ಗಗಳಿಗೆ ಒಯ್ಯುವ ಕೆಲಸದವಳು. "ಈ ಫಿಯೆಟ್ಟಕ್ಕ ನೋಡ್ರಿ, ಜಡಿ ಹಾಕಾಕತ್ತಾರ."

"ನಿನ್ನ ಜಡಿಗೆ ಫ್ಯೂಸ್ ಎಲ್ಲೈತಿ ಹೇಳು, ಅದನ್ನೂ ಹಾಕ್ತೇನಿ," ಎಂದ ಭೀಮಶಿ.

ಡ್ಯಾಶ್‌ಬೋರ್ಡಿಗೆ ಹೊಸ ಸ್ಟೀರಿಯೋ, ಹಿಂದಿನ ಸೀಟಿನ ಕೆಳಗೆ ಆಂಪ್ಲಿಫೈಯರು, ಬಾಗಿಲಿಗೆ ದೊಡ್ಡ ಸ್ಪೀಕರು, ಮುಂದಿನ ಕಂಬಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಟ್ವೀಟರ್. ಆ ಸೋಮವಾರ, ಏಳು ಮಂದಿಯ ಎದುರಿಗೆ, ಬೀರದೇವರ ಡೊಳ್ಳಿನ ಮೇಳದ, ತಾನೇ ಫೋನಿನಲ್ಲಿ ಹಿಡಿದಿದ್ದ ಹಾಡನ್ನು ಹಚ್ಚಿದ. ಡೊಳ್ಳು ಎದೆಗೆ ಬಡಿಯಿತು. ತಾಳ ಬಲಗಡೆಯಿಂದ ಬಂತು. ಎಡಗಡೆ ಮೌನ.

"ಎಡಗಡಿದು ಸತ್ತೈತಿ," ಎಂದ.

ಏಳು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಕಿವಿ ಭೀಮಶಿಯೇ ಹೇಳಿದ ಮೇಲೆ ತಮ್ಮದೇನು ಎಂಬಂತೆ, "ಹೌದ್ ಬಿಡಪಾ, ಸತ್ತಂಗ ಐತಿ," ಎಂದು ಚಹಾ ಮುಗಿಸಿ ಹೋದರು.

ರೋಗ ಹುಡುಕಲು ಭೀಮಶಿಗೆ ಒಂದು ಪದ್ಧತಿ ಇತ್ತು. ಕೆಟ್ಟ ಮಗ್ಗದ ಒಂದು ಬಿಡಿಭಾಗವನ್ನು ಬಿಚ್ಚಿ ಒಳ್ಳೆಯ ಮಗ್ಗಕ್ಕೆ ಹಾಕುವುದು. ರೋಗ ಅದರ ಹಿಂದೆಯೇ ಹೋದರೆ ರೋಗ ಅದರದು. ಹೋಗದಿದ್ದರೆ ಅದನ್ನು ಬಿಟ್ಟು ಮುಂದಿನದನ್ನು ಹಿಡಿಯುವುದು. ಅದರಂತೆ ಬಲಗಡೆಯ ಟ್ವೀಟರನ್ನು ಎಡಕ್ಕೆ, ಎಡಗಡೆಯದನ್ನು ಬಲಕ್ಕೆ ಹಾಕಿದ. ಸತ್ತದ್ದು ಬಲಕ್ಕೆ ಹೋಗಿ ಜೀವ ಪಡೆಯಿತು, ಬದುಕಿದ್ದು ಎಡಕ್ಕೆ ಬಂದು ಸತ್ತಿತು. ಹಾಗಾದರೆ ಟ್ವೀಟರಿನ ತಪ್ಪಲ್ಲ, ವೈರಿನದು. ಎರಡು ವರ್ಷದ ಗಂಟುಗಳನ್ನು ಒಂದೊಂದೇ ಬಿಚ್ಚಿ ಎಡಗಡೆಯ ಬಿಳಿ ನೂಲಿನ ವೈರನ್ನು ಹೊರಗೆಳೆದು ಹೊಸದನ್ನು ಹಾಯಿಸಿದ. ಮೌನ. ಆಂಪ್ಲಿಫೈಯರಿನಲ್ಲಿ ಎಡ ಬಲ ಅದಲು ಬದಲು ಮಾಡಿದ. ಮೌನ. ಸತ್ಯವ್ವ ಪ್ರತಿ ಸಲವೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎರಡು ಸಲ ಏನೋ ಹೇಳಲು ಬಾಯಿ ತೆರೆದು, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಅವರ ಮನೆಯಲ್ಲಿ ಅಷ್ಟೊಂದು ಹಾಲು ಇರಲಿಲ್ಲ.

ಸಾಮಾನು ಕೊಂಡದ್ದು ಜಮಖಂಡಿಯಲ್ಲಿ ಗೌರೀಶನ ಅಂಗಡಿಯಲ್ಲಿ. ಮೂವತ್ತರ ಆಸುಪಾಸಿನ ಗೌರೀಶ ಕಾರಿನ ಸ್ಟೀರಿಯೋ, ಮೈಕು ಮಾರುವವನು, ರಿಪೇರಿ ಮಾಡುವವನು. ಹಿರಿಯರೆಂದರೆ ಕುರ್ಚಿ ಬಿಟ್ಟು ಏಳುವವನು. ಬೇರೇನೂ ಉಳಿಯದೆ, ಜೋಡಿಯೇ ಖೋಟಾ ಇರಬೇಕೆಂದು ಭೀಮಶಿ ಎರಡು ಸಲ ಹೋಗಿ ಟ್ವೀಟರ್ ಬದಲಾಯಿಸಿಕೊಂಡು ಬಂದ. ಎರಡು ಸಲವೂ ಗೌರೀಶ ಮಾತಿಲ್ಲದೆ ಹೊಸ ಜೋಡಿ ಕೊಟ್ಟ. ಮೂರನೆಯ ಸಲ ಭೀಮಶಿ ಕಾರನ್ನೇ ತೆಗೆದುಕೊಂಡು ಹೋದ. ವೈರು ಹಾಯಿಸಲು ಮುಂದಿನ ಎಡಗಡೆಯ ಸೀಟನ್ನು ಬಿಚ್ಚಿ ಮನೆಯಲ್ಲಿಟ್ಟಿದ್ದರಿಂದ, ಜೊತೆಗೆ ಹೊರಟ ಸತ್ಯವ್ವ ಹಿಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂತಳು.

ಅಂಗಡಿಯಲ್ಲಿ ಗಿರಮಲ್ಲಪ್ಪ ಸಿಕ್ಕ. ಎಪ್ಪತ್ತು ದಾಟಿದ ಕುರಿಗಾರ. ಆ ಡೊಳ್ಳಿನ ಮೇಳದಲ್ಲಿ ತಾಳ ಹಾಕುವವನು ಅವನೇ, ಅಂದರೆ ಫೋನಿನ ಹಾಡಿನಲ್ಲಿರುವುದು ಅವನದೇ ತಾಳ. ಮೇಳದ ಮೈಕು ರಿಪೇರಿಗೆ ತಂದಿದ್ದ. ಗೌರೀಶ ಕಾರಿನೊಳಗೆ ಬಗ್ಗಿ, ಎಡಗಡೆಯ ಟ್ವೀಟರಿನ ಬಳಿ ಕಿವಿ ಇಟ್ಟು, ನಿಧಾನಕ್ಕೆ ನೆಟ್ಟಗಾದ.

"ಬರಾಕತ್ತೇತಿ ಅಲ್ರಿ ಕಾಕಾ," ಎಂದ.

"ಎಲ್ಲಿ ಬರಾಕತ್ತೇತಿ? ಅಂಗಡ್ಯಾವ್ರ ಕಿವಿಗೆ ಮಾರಿದ ಮಾಲೆಲ್ಲಾ ಹಾಡತೇತಿ."

ಗಿರಮಲ್ಲಪ್ಪ ಕಂಬಳಿ ಸರಿಮಾಡಿಕೊಂಡು ತಾನೂ ಬಗ್ಗಿದ. "ನನ್ನ ತಾಳ ನನಗ ಕೇಳಸ್ತೇತಿ. ಛಲೋ ಕೇಳಸ್ತೇತಿ. ನಿನಗ್ಯಾಕ ಕೇಳಸೂದಿಲ್ಲಲೇ ಭೀಮಶಿ?"

"ಯಜ್ಜಾ, ನಿನ್ನ ತಾಳ ನಿನಗ ನಿದ್ದ್ಯಾಗೂ ಕೇಳಸ್ತೇತಿ."

"ಅದೂ ಖರೇನ ಅನ್ನು," ಎಂದು ಮುದುಕ ನಕ್ಕ. ಗೌರೀಶ ನಗಲಿಲ್ಲ. ಸತ್ಯವ್ವನ ಕಡೆ ನೋಡಿದ. ಸತ್ಯವ್ವ ಸೆರಗು ಬಾಯಿಗೆ ಹಿಡಿದುಕೊಂಡು ರಸ್ತೆಯ ಆಚೆ ಬಾಳೆಹಣ್ಣಿನ ಗಾಡಿಯನ್ನು ನೋಡುತ್ತಿದ್ದಳು. ಗೌರೀಶ ಒಳಗೆ ಹೋಗಿ ಇನ್ನೊಂದು ಹೊಸ ಜೋಡಿಯನ್ನು ತಂದು, ತಾನೇ ಕೂಡಿಸಿಕೊಟ್ಟು, "ಇದು ಬಂದಿಲ್ಲಂದ್ರ ಮತ್ತ ಬರ್ರಿ ಕಾಕಾ," ಎಂದ. ಅಂಗಡಿಯವನ ಬಾಯಿಂದ ಇಂಥ ಮಾತು ಬಂದರೆ ಯಾರಿಗಾದರೂ ಅನುಮಾನ ಬರಬೇಕು. ಭೀಮಶಿಗೆ ಬಂದದ್ದು ಒಂದೇ ಅನುಮಾನ, ಮಾಲಿನ ಮೇಲೆ.

ಹಿಂದಿರುಗುವಾಗ ರಸ್ತೆಯ ಎರಡೂ ಕಡೆ ಕಬ್ಬು ನಿಂತಿತ್ತು. ಡೊಳ್ಳು ಹಾಡುತ್ತಿತ್ತು, ತಾಳ ಬಲಗಡೆ, ಎಡಗಡೆ ಮೌನ. ಭೀಮಶಿ ಮನಸ್ಸಿನಲ್ಲೇ ವೈರುಗಳನ್ನು ಬುಡದಿಂದ ಬಿಚ್ಚುತ್ತಿದ್ದ. ಯಾರೋ ಹೆಗಲಿಗೆ ತಿವಿದರು.

"ಎಷ್ಟ್ ಸಲ ಒದರೂದ್ರಿ! ನಿಂದ್ರಸ್ರಿ ಗಾಡಿ. ಸೆರಗ ಬಾಗಲದಾಗ ಸಿಕ್ಕೇತಿ, ಗಾಲ್ಯಾಗ ಹೋದೀತು."

ಗಾಡಿ ನಿಲ್ಲಿಸಿದ. ಇಂಜಿನ್ ಆರಿಸಿದ. ಹಾಡು ನಡೆದೇ ಇತ್ತು. ಹಿಂದಿನ ಬಾಗಿಲಿನ ಹಿಡಿಕೆಯನ್ನು ಒಳಗಿನಿಂದಲೇ ಎಳೆಯೋಣವೆಂದು ಸೀಟಿನ ಮೇಲೆ ಮೊಣಕಾಲೂರಿ, ಪೂರಾ ಹಿಂದಕ್ಕೆ ತಿರುಗಿ, ಸತ್ಯವ್ವನಿಗೆ ಎದುರಾದ.

ಎಡಗಡೆಯ ಟ್ವೀಟರ್ ಹಾಡಿತು.

ಖಣಖಣ ಎಂದು ಹಾಡಿತು. ಭೀಮಶಿಗೆ ಎಷ್ಟು ಖುಷಿಯಾಯಿತೆಂದರೆ ಸೆರಗನ್ನು ಮರೆತು, "ಬಂತು ನೋಡ!" ಎಂದು ಕೂಗಿದ. ಬಲಗಡೆಯದು ನಿಂತುಹೋಗಿದೆ ಎಂಬುದು ಒಂದು ಉಸಿರು ತಡವಾಗಿ ತಿಳಿಯಿತು. ಮುಂದಕ್ಕೆ ತಿರುಗಿದ. ಬಲಗಡೆಯದು ಹಾಡಿತು, ಎಡಗಡೆಯದು ಸತ್ತಿತು. ಮತ್ತೆ ಹಿಂದಕ್ಕೆ ತಿರುಗಿದ. ಎಡಗಡೆಯದು ಹಾಡಿತು.

ಇಪ್ಪತ್ತೊಂಬತ್ತು ವರ್ಷದ ಪದ್ಧತಿ ತನ್ನ ಕೆಲಸವನ್ನು ತಾನೇ ಮಾಡಿ ಮುಗಿಸಿತು. ಟ್ವೀಟರನ್ನು ತಿರುಗಿಸಿ ನೋಡಿದ್ದ, ವೈರನ್ನು ತಿರುಗಿಸಿ ನೋಡಿದ್ದ, ಆಂಪ್ಲಿಫೈಯರನ್ನು ತಿರುಗಿಸಿ ನೋಡಿದ್ದ. ರೋಗ ಯಾವುದರ ಹಿಂದೆಯೂ ಹೋಗಿರಲಿಲ್ಲ. ತಾನು ತಿರುಗಿದಾಗ ತನ್ನ ಹಿಂದೆ ಬಂತು.

ಬಲಗೈಯಿಂದ ಬಲಗಿವಿ ಮುಚ್ಚಿಕೊಂಡ. ತಾಳ ಪೂರಾ ಹೋಯಿತು. ಡೊಳ್ಳಷ್ಟೇ ಗುಮ್ ಗುಮ್ ಎಂದು, ಪಕ್ಕದ ಓಣಿಯಿಂದ ಬಂದಂತೆ.

"ಸತ್ಯವ್ವಾ."

"ಹೂಂ."

"ತಾಳ ಯಾವ ಕಡಿಂದ ಬರಾಕತ್ತೇತಿ?"

ಸತ್ಯವ್ವ ಬಾಗಿಲಲ್ಲಿ ಸಿಕ್ಕದೆ ಉಳಿದಷ್ಟು ಸೆರಗನ್ನು ಬಾಯಿಗೆ ಹಿಡಿದು ಕಬ್ಬಿನ ಕಡೆ ಮುಖ ಮಾಡಿದ್ದಳು. ಏನೋ ಹೇಳಿದಳು, ಅವನಿಗೆ ಬಾಯಿ ಕಾಣಲಿಲ್ಲ, ಮಾತೂ ಕೇಳಲಿಲ್ಲ. ಮಗ್ಗದ ಶೆಡ್ಡಿನಲ್ಲಿ ಮಾತು ಕೇಳುವವರು ಯಾರು? ಅಲ್ಲಿ ಎಲ್ಲರೂ ತುಟಿ ನೋಡಿ ಮಾತಾಡುವವರು. ಮನೆಯಲ್ಲೂ ಅದೇ ರೂಢಿ. ಎದುರಿಗಿದ್ದವರ ತುಟಿ ಓದಿ ಓದಿ ಅವನಿಗೆ ತಾನು ಕೇಳುತ್ತಿರುವೆನೋ ಓದುತ್ತಿರುವೆನೋ ಎಂಬ ಭೇದವೇ ಉಳಿದಿರಲಿಲ್ಲ. ಟ್ವೀಟರಿಗೆ ತುಟಿ ಇರಲಿಲ್ಲ.

"ಈ ಕಡಿ ತಿರುಗು. ಬಾಯಿ ಮ್ಯಾಲಿನ ಸೆರಗ ತಗಿ."

ಅವಳು ತಿರುಗಿದಳು. "ಎರಡೂ ಕಡಿಂದ ಬರಾಕತ್ತೇತ್ರಿ," ಎಂದಳು. "ಮೊದಲಿಂದ ಬರಾಕತ್ತೇತಿ."

"ಎಷ್ಟ್ ದಿನಾ ಆತು?"

"ಹಾಡಿಂದು ಏನ್ರಿ?"

"ನಂದು."

"ಮೂರು ವರ್ಷ ಆತು. ಎಡಗಿವಿ ಮೊದಲ ಹೋತು. ಮಗ್ಗಕ್ಕ ನೀವು ಯಾವಾಗಲೂ ಎಡಗಿವೀನ ಕೊಡ್ತಿದ್ರಿ. ಬಲಗಿವಿ ಇನ್ನಾ ಅರ್ಧ ಐತಿ."

ಭೀಮಶಿ ಸ್ಟೀರಿಯೋ ಆರಿಸಿದ. ಕಬ್ಬಿನ ಸಪ್ಪಳ ಬರಬೇಕಿತ್ತು. ಗಾಳಿಗೆ ಕಬ್ಬು ಹೊಯ್ದಾಡುವುದು ಕಂಡಿತು, ಅಷ್ಟೆ.

"ಸುಳ್ಳ ಹೇಳ್ತಿ," ಎಂದ. "ಮೊನ್ನಿ ಬುಧವಾರ ಹದಿನೇಳನೇ ಮಗ್ಗ ಹಿಡದೇನಿ. ಬಾಗಲದಾಗ ನಿಂತು ಹಿಡದೇನಿ. ಕಿವಿ ಇಲ್ದಾವ ಹೆಂಗ ಹಿಡಿತಾನ?"

ಸತ್ಯವ್ವ ಬಾಗಿಲಲ್ಲಿ ಸಿಕ್ಕ ಸೆರಗಿನ ತುದಿಯನ್ನು ನೇವರಿಸಿದಳು. "ಹದಿನೇಳನೇ ಮಗ್ಗದ ಬಾಜೂಕ ಕಂಡಿಕಿ ಬುಟ್ಟಿ ಇತ್ತು," ಎಂದಳು.

"ಇತ್ತು. ಅದಕ್ಕೇನು?"

"ನಾ ಇಟ್ಟಿದ್ದೆ."

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಹದಿನೇಳು, ಅದರ ಹಿಂದಿನ ವಾರ ಆರು, ಅದಕ್ಕೂ ಹಿಂದೆ ಇಪ್ಪತ್ತು. ಪ್ರತಿಯೊಂದರ ಬಳಿಯೂ ಒಂದು ಬುಟ್ಟಿ, ಬುಟ್ಟಿಯ ಬಳಿ ಬಾಗಿದ ಒಂದು ಬೆನ್ನು. ಶೆಡ್ಡಿನಲ್ಲಿ ಬುಟ್ಟಿ ಎಲ್ಲೆಂದರಲ್ಲಿ ಇರುತ್ತದೆ. ಅದನ್ನು ಯಾರು ನೋಡುತ್ತಾರೆ? ಕಣ್ಣು ನೋಡಿತ್ತು. ಹೆಸರು ಕಿವಿಗೆ ಹೋಗಿತ್ತು.

"ನೀವು ಹೆಂಗೂ ಮಗ್ಗದ ಹತ್ತರ ಹೋದ್ರ ಕೈಲೇ ಹಿಡಿತಿದ್ರಿ," ಎಂದಳು ಸತ್ಯವ್ವ. "ನಾ ಏನ ದೊಡ್ಡದ ಮಾಡಿಲ್ಲ. ಯಾವ ಮಗ್ಗ ತಪ್ಪಾಕತ್ತೇತಂತ ನನಗ ಕೇಳಸ್ತಿತ್ತು, ದಾರಿ ತೋರ್ಸೇನಿ, ಅಷ್ಟ."

"ಹೇಳ್ಬೇಕಿತ್ತ ಬೇ."

"ಹೆಂಗ ಹೇಳೂದ್ರಿ? ಕಿವಿ ಭೀಮಶಿಗೆ ಕಿವಿ ಇಲ್ಲಂತ ನಾ ಹೇಳ್ಲ್ಯಾ?"

ಭೀಮಶಿ ಬಾಗಿಲು ತೆರೆದು ಸೆರಗು ಬಿಡಿಸಿ ಗಾಡಿ ಹೊರಡಿಸಿದ. ಊರು ಮುಟ್ಟುವವರೆಗೆ ಅವಳು ಏನಾದರೂ ಅಂದಿದ್ದರೂ ಅವನಿಗೆ ತಿಳಿಯುವಂತಿರಲಿಲ್ಲ, ಅವಳು ಹಿಂದೆ ಕೂತಿದ್ದಳು.

ಮರುದಿನ ಭೀಮಶಿ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಒಬ್ಬನೇ ಶೆಡ್ಡಿಗೆ ಹೋದ. ಅರ್ಧ ಕಿವಿ ಇದೆಯಲ್ಲ, ಅರ್ಧ ಸಾಕೇನೋ ನೋಡೋಣ ಎಂಬುದು ಅವನ ಲೆಕ್ಕ. ಹತ್ತು ಗಂಟೆಯ ಹೊತ್ತಿಗೆ ಎಲ್ಲೋ ಒಂದು ಮಗ್ಗ ತಾಳ ತಪ್ಪಿತು. ತಪ್ಪಿದ್ದು ಅವನಿಗೆ ಗೊತ್ತಾಯಿತು. ಒಂದು ಕ್ಷಣ ಅವನ ಎದೆ ಹಗುರಾಯಿತು. ಆದರೆ ಎಲ್ಲಿ? ಬಲಗಡೆ ಅನ್ನಿಸಿತು. ತಿರುಗಿದ; ಈಗಲೂ ಬಲಗಡೆಯೇ. ಇನ್ನೊಮ್ಮೆ ತಿರುಗಿದ, ಇನ್ನೂ ಬಲಗಡೆ. ಒಂದೇ ಕಿವಿಯಿರುವವನಿಗೆ ಲೋಕದ ಸಪ್ಪಳವೆಲ್ಲ ಒಂದೇ ಕಡೆಯಿಂದ ಬರುತ್ತದೆ. ನೆಲದ ಮೇಲೆ ಕಣ್ಣು ತಾನಾಗಿ ಬುಟ್ಟಿ ಹುಡುಕಿತು. ಹುಡುಕುತ್ತಿದೆ ಎಂದು ತಿಳಿದು ಅವನಿಗೆ ನಾಚಿಕೆಯಾಯಿತು.

ಹನ್ನೆರಡನೆಯದನ್ನು ನಿಲ್ಲಿಸಿ ಬಿಚ್ಚಿ ನೋಡಿದ. ಸರಿಯಿತ್ತು. ಹದಿನಾಲ್ಕನೆಯದನ್ನು ನಿಲ್ಲಿಸಿದ. ಅದೂ ಸರಿಯಿತ್ತು. ಮೂರನೆಯ ಸಲ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಆ ತುದಿಯ ನಾಲ್ಕನೇ ಮಗ್ಗದಿಂದ ಲಾಳಿ ಹಾರಿತು. ತುದಿಗೆ ಹಿತ್ತಾಳೆಯ ಮೊನೆಯಿದ್ದ ಮೊಳದುದ್ದದ ಕಟ್ಟಿಗೆ ಅದು; ನೇಕಾರ ದುಂಡೇಶನ ಕೆನ್ನೆಯ ಪಕ್ಕದಿಂದ ಹಾದು ಗೋಡೆಯ ಗಡಿಯಾರಕ್ಕೆ ಬಡಿದು ಬಿತ್ತು. ಗಾಜು ಉದುರಿತು. ದುಂಡೇಶ ಕೆನ್ನೆ ಮುಟ್ಟಿ ನೋಡಿಕೊಂಡು, ರಕ್ತವಿಲ್ಲ ಎಂದು ತಿಳಿದ ಮೇಲೆ ನೆಲಕ್ಕೆ ಕೂತ. ಯಾರೋ ಓಡಿ ಶೆಡ್ಡಿನ ಮೇನ್ ಆರಿಸಿದರು.

ಇಪ್ಪತ್ನಾಲ್ಕು ಮಗ್ಗ ಒಟ್ಟಿಗೆ ನಿಂತಾಗ ಮೌನ ಸದ್ದು ಮಾಡುತ್ತದೆ ಎನ್ನುತ್ತಾರೆ. ಆಫೀಸಿನಿಂದ ಬಾಳಾಸಾಹೇಬರು ಹೊರಗೆ ಬಂದರು. ಗಡಿಯಾರ ನೋಡಿದರು, ದುಂಡೇಶನನ್ನು ನೋಡಿದರು, ಭೀಮಶಿಯನ್ನು ನೋಡಿದರು. ಏನಾಯಿತೆಂದು ಕೇಳಲಿಲ್ಲ.

"ಸತ್ಯವ್ವ ಇವತ್ತ ಬಂದಿಲ್ಲೇನು?" ಎಂದರು.

ಭೀಮಶಿ ಆ ತುಟಿಗಳನ್ನು ಸರಿಯಾಗಿಯೇ ಓದಿದ.

"ನಿಮಗೂ ಗೊತ್ತಿತ್ತೇನ್ರಿ ಸಾವಕಾರ್ರ?"

ಬಾಳಾಸಾಹೇಬರು ಮೀಸೆಯ ಮೇಲೆ ಕೈ ಆಡಿಸಿದರು. ಶೆಡ್ಡಿನಲ್ಲಿ ಒಬ್ಬನಿಗೆ ತಿಳಿಯಬಾರದ ಮಾತಿದ್ದರೆ ಗಂಡಸರು ಮೀಸೆ ತೀಡುತ್ತಾರೆ, ಹೆಂಗಸರು ಸೆರಗು ಹಿಡಿಯುತ್ತಾರೆ. ಬಾಯಿ ಮರೆಯಾದರೆ ಮಾತು ಮರೆಯಾದಂತೆ. ಈ ಮೂರು ವರ್ಷದಲ್ಲಿ ತಾನು ಹತ್ತಿರ ಹೋದಾಗ ಎಷ್ಟು ಮೀಸೆಗಳು ತೀಡಿಸಿಕೊಂಡಿದ್ದವು ಎಂಬುದು ಭೀಮಶಿಗೆ ಈಗ ಒಂದೊಂದಾಗಿ ಕಂಡಿತು. ಬನಹಟ್ಟಿಯಲ್ಲಿ ಒಬ್ಬರ ಮನೆಯ ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಮಧ್ಯಾಹ್ನದೊಳಗೆ ರಬಕವಿಗೆ ಗೊತ್ತಾಗುತ್ತದೆ. ಅಂಥ ಊರು ಇದೊಂದನ್ನು ಮೂರು ವರ್ಷ ಬಾಯಿಯೊಳಗೆ ಇಟ್ಟುಕೊಂಡಿತ್ತು, ಅವನಿಗಾಗಿ.

"ಶೆಡ್ಡಿಗೆಲ್ಲ ಗೊತ್ತೈತಿ," ಎಂದರು ಬಾಳಾಸಾಹೇಬರು, ಕೈ ತೆಗೆದು, ಅವನಿಗೆ ಕಾಣುವಂತೆ. "ಅದಕ್ಕೇನೀಗ? ನಡದೈತಿ, ನಡೀಲಿ. ನಾಳೆ ಅಕಿನ್ನ ಕರಕೊಂಡು ಬಾ."

"ಬ್ಯಾಡ್ರಿ."

"ಲೇ, ನಾ ಏನಾರ ಅಂದೇನೇನು? ಯಾವಾಗಾರ ಅಂದೇನೇನು?"

"ನೀವು ಅಂದಿಲ್ರಿ. ಅಕಿಗೆ ಒಂದ್ ದಿನಾ ಜ್ವರಾ ಬಂತಂದ್ರ? ನಾಕ್ ಬೆರಳ ಈ ಕಡಿ ಬಂದಿದ್ರ ದುಂಡೇಶನ ಕಣ್ಣ ಹೋಗ್ತಿತ್ರಿ."

ದುಂಡೇಶ ನೆಲದಿಂದಲೇ, "ಏ ಹೋಗಲಿ ಬಿಡಣ್ಣ, ಒಂದ್ ಗಡಿಯಾರ ಹೋತು, ಅದರ ತಾಸೂ ಸುಳ್ಳ ಇತ್ತು," ಎಂದ. ಭೀಮಶಿ ಅವನತ್ತ ನೋಡುತ್ತಿರಲಿಲ್ಲವಾದ್ದರಿಂದ ಅವನಿಗೆ ಅದು ತಿಳಿಯಲೂ ಇಲ್ಲ. ಅವನು ಬಾಳಾಸಾಹೇಬರ ಜೊತೆ ಆಫೀಸಿಗೆ ಹೋಗಿ ಪಾನಾಗಳ ಚೀಲವನ್ನು ಅವರ ಟೇಬಲ್ಲಿನ ಮೇಲೆ ಇಟ್ಟ. ಅವರು ಅದನ್ನು ಅವನ ಕಡೆ ತಳ್ಳಿದರು. ಅವನು ಮತ್ತೆ ಅವರ ಕಡೆ ತಳ್ಳಿದ. ಮೂರನೆಯ ಸಲ ಅವರು ತಳ್ಳಲಿಲ್ಲ.

ಮುಂದಿನ ವಾರದಿಂದ ಬಾಳಾಸಾಹೇಬರ ಶೆಡ್ಡಿಗೆ ರಬಕವಿಯ ದುರಗೇಶ ಜಾಬರ್ ಆಗಿ ಬಂದ. ಭೀಮಶಿ ಅದೇ ಶೆಡ್ಡಿನ ಗೋದಾಮಿನಲ್ಲಿ ಬಟ್ಟೆ ಮಡಚುವ ಕೆಲಸಕ್ಕೆ ಹತ್ತಿದ. ಮನೆಯಲ್ಲಿಟ್ಟಿದ್ದ ಎಡಗಡೆಯ ಸೀಟನ್ನು ಮತ್ತೆ ಫಿಯೆಟ್ಟಿಗೆ ಕೂಡಿಸಿ ಸತ್ಯವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡ; ಎಡಗಡೆಯ ಟ್ವೀಟರ್ ಹಾಡುತ್ತಿದೆಯೋ ಇಲ್ಲವೋ ಎಂಬುದನ್ನು ಇನ್ನು ಅವಳ ತುಟಿ ನೋಡಿ ತಿಳಿಯುವುದೆಂದು.